ಗುಡಿಗಿಂತ ಗೋಡೆ ದುಬಾರಿ

ಇಂಗ್ಲೆಂಡಿನ ಹಳೆಯ ಜಮೀನ್ದಾರಿ ಬಂಗಲೆಗಳನ್ನು ನೋಡಹೋದವರಿಗೆ ಸಾಮಾನ್ಯವಾಗಿ ಎರಡು ತೋಟಗಳು ಸಿಗುತ್ತವೆ. ಮನೆಯೆದುರಿಗೆ ಕಣ್ಣು ಹರಿಯುವಷ್ಟು ದೂರ ಹುಲ್ಲು, ಹೊಳೆಗೆ ಅಡ್ಡ ಕಟ್ಟಿ ನಿಲ್ಲಿಸಿದ ಕೆರೆ, ಕೆರೆಯ ದಡದಲ್ಲೊಂದು ರೋಮನ್ ಗುಡಿ, ದಿಬ್ಬದ ಮೇಲೊಂದು ಪಾಳುಕೋಟೆ. ಇದು ಒಂದು. ಇನ್ನೊಂದು ಮನೆಯಿಂದ ದೂರ, ಮರಗಳ ಮರೆಯಲ್ಲಿ, ಎರಡಾಳೆತ್ತರದ ಇಟ್ಟಿಗೆ ಗೋಡೆಯೊಳಗೆ ಅಡಗಿ ಕೂತಿರುವ ಹಣ್ಣು-ತರಕಾರಿಯ ತೋಟ. ಮೊದಲನೆಯದು ದೊರೆಗಳ ಶೋಕಿ, ಎರಡನೆಯದು ಮನೆಯ ಅಡುಗೆಗೆ ಒದಗುತ್ತಿದ್ದ ಉಪಯುಕ್ತ ಜಾಗ ಎಂದು ಪ್ರವಾಸಿ ಪುಸ್ತಕಗಳೂ ಹೇಳುತ್ತವೆ, ನೋಡಿದವರೂ ಸುಲಭವಾಗಿ ಒಪ್ಪುತ್ತಾರೆ. ದೇವರಿಲ್ಲದ ಗುಡಿ, ಸೈನ್ಯ ಕಾಣದ ಕೋಟೆ, ಯಾರೂ ದಾಟಬೇಕಿಲ್ಲದ ಸೇತುವೆ, ಇವನ್ನು ಅಲ್ಲಿಯ ಜನರೇ 'ಫಾಲಿ', ಅಂದರೆ ಮೂರ್ಖತನ, ಎಂದು ಕರೆದು ನಗುತ್ತಾರೆ. ಎಲೆಕೋಸು, ಬಟಾಣಿ, ಪೀಚ್ ಬೆಳೆದ ಗೋಡೆಯನ್ನು ನೋಡಿ ನಗುವವರು ಯಾರೂ ಇಲ್ಲ. ಆದರೆ ಖರ್ಚಿನ ಲೆಕ್ಕ ಹಿಡಿದು ನೋಡಿದರೆ ಈ ವಿಂಗಡಣೆ ತಲೆಕೆಳಗಾಗುತ್ತದೆ ಎಂಬುದು ನನ್ನ ವಾದ. ಆ ಮನೆಗಳ ನಿಜವಾದ ದುಂದು ಇದ್ದದ್ದು ಗೋಡೆಯೊಳಗೆ. ಗುಡಿ-ಗೋಪುರಗಳು ಅದಕ್ಕೆ ಹೋಲಿಸಿದರೆ ಅಗ್ಗದ ಬಾಬತ್ತು.

ಗುಡಿಗಳಿಂದಲೇ ಆರಂಭಿಸೋಣ. ಈ ಬಗೆಯ ಕಟ್ಟಡಗಳ ರಾಜಧಾನಿಯೆಂದರೆ ಬಕಿಂಗ್‌ಹ್ಯಾಮ್‌ಶೈರಿನ ಸ್ಟೋವ್. ಅದರ ಒಡೆಯ ರಿಚರ್ಡ್ ಟೆಂಪಲ್, ಅಂದರೆ ಲಾರ್ಡ್ ಕೋಬಮ್, ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ವ್ಯಾನ್‌ಬರೊ, ಗಿಬ್ಸ್, ವಿಲಿಯಂ ಕೆಂಟ್‌ರಂಥ ಹೆಸರಾಂತ ವಾಸ್ತುಶಿಲ್ಪಿಗಳನ್ನು ಒಬ್ಬರ ಹಿಂದೊಬ್ಬರನ್ನು ಕರೆಸಿ ತೋಟದ ತುಂಬ ಗುಡಿ ಕಟ್ಟಿಸಿದ. ಅವುಗಳಲ್ಲಿ ರಾಜಕೀಯದ ಚುಚ್ಚೂ ಇತ್ತು. ಪ್ರಾಚೀನ ಸದ್ಗುಣದ ಗುಡಿ ದುಂಡಗೆ, ಪೂರ್ಣವಾಗಿ ನಿಂತಿದ್ದರೆ, ಅದರ ಹತ್ತಿರವೇ ಆಧುನಿಕ ಸದ್ಗುಣದ ಗುಡಿಯನ್ನು ಕಟ್ಟುವಾಗಲೇ ಪಾಳುಬಿದ್ದಂತೆ ಕಟ್ಟಿಸಿದ್ದ. ಆಗಿನ ಪ್ರಧಾನಿ ವಾಲ್‌ಪೋಲ್ ಮೇಲಿನ ಸಿಟ್ಟನ್ನು ಇಷ್ಟು ನಿಧಾನವಾಗಿ, ಇಷ್ಟು ಗಾರೆ ಖರ್ಚು ಮಾಡಿ ತೀರಿಸಿಕೊಂಡವರು ಬೇರೆ ಇರಲಿಕ್ಕಿಲ್ಲ. ಸ್ಟೋವ್ ಮಾದರಿಯಾದ ಮೇಲೆ ಸಣ್ಣಪುಟ್ಟ ಧಣಿಗಳಿಗೂ ತಮ್ಮ ದಿಬ್ಬದ ಮೇಲೊಂದು ಗುಡಿ ಬೇಕೆನಿಸಿತು. ಆ ಆಸೆ ಪೂರೈಸುವುದು ಅಷ್ಟೇನೂ ಕಷ್ಟದ್ದಾಗಿರಲಿಲ್ಲ. ದೂರದಿಂದ ನೋಡಿದಾಗ ಕಲ್ಲಿನಂತೆ ಕಂಡರೆ ಸಾಕಿತ್ತು. ಸರ್ರಿ ಕೌಂಟಿಯ ಪೇನ್ಸ್‌ಹಿಲ್‌ನಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ನಿಲ್ಲಿಸಿದ ಗಾಥಿಕ್ ಮಂಟಪ ಕಲ್ಲಿನದಲ್ಲ, ಮರದ್ದು. ಅಲ್ಲಿಯ ಪಾಳುಮಠ ಇಟ್ಟಿಗೆಗೆ ಗಾರೆ ಮೆತ್ತಿದ್ದು. ರೌಶಮ್‌ನ ತೋಟದಿಂದ ಹೊಳೆಯಾಚೆ ಗುಡ್ಡದ ಮೇಲೆ ಕಾಣುವ ಕಮಾನುಗಳ ಪಾಳು ಒಂದೇ ಒಂದು ಗೋಡೆ. ಬಾತ್ ಊರಿನ ಮೇಲೆ 1762ರಲ್ಲಿ ರಾಲ್ಫ್ ಆಲನ್ ಕಟ್ಟಿಸಿದ ಕೋಟೆಗೆ ಮುಂಭಾಗ ಮಾತ್ರ ಇದೆ, ಒಳಗಿಲ್ಲ. ತನ್ನ ಊರಮನೆಯ ಕಿಟಕಿಯಿಂದ ಚೆನ್ನಾಗಿ ಕಂಡರೆ ಆತನಿಗೆ ಸಾಕಿತ್ತು. ಲಂಡನ್ನಿನ ಕೆನ್‌ವುಡ್‌ನಲ್ಲಿ ಕೆರೆಯ ಕೊನೆಗಿರುವ ಬಿಳಿ ಸೇತುವೆ ಬಣ್ಣ ಬಳಿದ ಹಲಗೆ, ಅದರ ಮೇಲೆ ನಡೆಯುವಂತಿಲ್ಲ. ನಾಟಕದ ಕಂಪನಿಯವರು ಪರದೆ ಬರೆಸುವ ಹಾಗೆ ಇವರು ಗುಡ್ಡಕ್ಕೆ ಪರದೆ ಬಿಟ್ಟರು ಅಷ್ಟೆ.

1769ರಲ್ಲಿ ಎಲಿನರ್ ಕೋಡ್ ಎಂಬ ಉದ್ಯಮಿ ಹೆಂಗಸು ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೃತಕ ಕಲ್ಲಿನ ಕಾರ್ಖಾನೆ ತೆಗೆದ ಮೇಲಂತೂ ದೇವತೆ, ಸಿಂಹ, ಕಳಶ ಎಲ್ಲವೂ ಅಚ್ಚಿನಿಂದ ಬರತೊಡಗಿದವು. ಜೇಡಿಮಣ್ಣು ಸುಟ್ಟು ಮಾಡಿದ ಈ ಸಾಮಾನು ಮಳೆ-ಹಿಮಕ್ಕೆ ಜಗ್ಗುತ್ತಿರಲಿಲ್ಲ, ಶಿಲ್ಪಿಯ ಉಳಿಪೆಟ್ಟಿನ ಕೂಲಿಯೂ ಉಳಿಯುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿ ಮರಳಿದವರೂ ಈ ಆಟಕ್ಕೆ ಇಳಿದರು. ಗ್ಲಾಸ್ಟರ್‌ಶೈರಿನ ಸೆಜಿನ್‌ಕೋಟ್‌ನಲ್ಲಿ ಚಾರ್ಲ್ಸ್ ಕಾಕರೆಲ್ 1805ರ ಸುಮಾರಿಗೆ ಮೊಗಲ್ ಗುಮ್ಮಟದ ಮನೆ ಕಟ್ಟಿಸಿ, ಭಾರತವನ್ನು ಸುತ್ತಿ ಚಿತ್ರ ಬರೆದಿದ್ದ ತಾಮಸ್ ಡೇನಿಯಲ್‌ನ ಸಲಹೆಯಂತೆ ತೋಟದಲ್ಲಿ ಸೂರ್ಯನಿಗೊಂದು ಗುಡಿ, ತೊರೆಯ ಸೇತುವೆಯ ಮೇಲೆ ಬಸವಗಳ ಸಾಲು ಇಡಿಸಿದ. ಪೂಜಾರಿ ಬೇಡ, ನೈವೇದ್ಯ ಬೇಡ, ನಂದಾದೀಪಕ್ಕೆ ಎಣ್ಣೆಯೂ ಬೇಡ. ಒಮ್ಮೆ ಕೂರಿಸಿದರೆ ಮುಗಿಯಿತು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಎಲ್ಲ ಗುಡಿಗಳೂ ಹಲಗೆ-ಗಾರೆಯವಲ್ಲವಲ್ಲ? ನಿಜ. ಯಾರ್ಕ್‌ಶೈರಿನ ಕ್ಯಾಸಲ್ ಹೋವರ್ಡ್‌ನ ಸಮಾಧಿ ಮಂಟಪ ಅಪ್ಪಟ ಕಲ್ಲಿನದು. 1729ರಲ್ಲಿ ಶುರುವಾದ ಅದು ಮುಗಿಯುವುದರೊಳಗೆ ಅದನ್ನು ರೂಪಿಸಿದ ಹಾಕ್ಸ್‌ಮೂರ್ ಸತ್ತ, ಕಟ್ಟಿಸಿದ ಕಾರ್ಲೈಲ್ ಪ್ರಭುವೂ ಸತ್ತ. ಸ್ಟೌರ್‌ಹೆಡ್‌ನಲ್ಲಿ ಹೆನ್ರಿ ಹೋರ್ ಕಣಿವೆಗೆ ಅಡ್ಡಗಟ್ಟೆ ಹಾಕಿ ಕೆರೆ ಮಾಡಿಸಿ, 1753-54ರಲ್ಲಿ ದಡದ ಮೇಲೆ ಪ್ಯಾಂಥಿಯನ್ ಎಬ್ಬಿಸಿದ. ಹೋರ್‌ಗೆ ಸ್ವಂತದ ಬ್ಯಾಂಕಿತ್ತು, ಅದು ಬೇರೆ ಮಾತು. ಸ್ಟೋವ್‌ನ ವಂಶ 1848ರಲ್ಲಿ ದಿವಾಳಿಯೆದ್ದು, ಮನೆಯ ಸಾಮಾನಿನ ಹರಾಜು 40 ದಿನ ನಡೆದದ್ದನ್ನೂ ಇದೇ ಪಟ್ಟಿಗೆ ಸೇರಿಸಿ, ಗುಡಿ ಕಟ್ಟಿಸಿದವರ ಗತಿ ನೋಡಿ ಎನ್ನುವವರಿದ್ದಾರೆ. ಆದರೆ ಆ ಹೊತ್ತಿಗೆ ಸ್ಟೋವ್‌ನ ಗುಡಿಗಳಿಗೆ ನೂರು ವರ್ಷ ವಯಸ್ಸಾಗಿತ್ತು. ಮುಳುಗಿಸಿದ್ದು ಅದರ ಆಗಿನ ಒಡೆಯ ಬಕಿಂಗ್‌ಹ್ಯಾಮ್ ಡ್ಯೂಕ್ ಸಾಲ ತಂದು ಕೊಂಡ ಜಮೀನು ಮತ್ತು ಹಿಡಿತವಿಲ್ಲದ ದರ್ಬಾರು. ಕಲ್ಲಿನ ಗುಡಿ ಎಷ್ಟೇ ದುಬಾರಿಯಾದರೂ ಅದು ಒಂದಾವರ್ತಿ ಖರ್ಚು. ಕಟ್ಟಿಸಿದವನ ಮೊಮ್ಮಗನಿಗೆ ಅದರಿಂದ ಬರುವ ತೊಂದರೆಯೆಂದರೆ ಯಾವಾಗಲೋ ಒಮ್ಮೆ ಚಾವಣಿಯ ಸೀಸದ ತಗಡು ಬದಲಿಸುವುದು. ಗೋಡೆಯ ತೋಟ ಹಾಗಲ್ಲ. ಆನೆಯನ್ನು ಕೊಳ್ಳುವುದಕ್ಕಿಂತ ಸಾಕುವುದು ಕಷ್ಟ ಎನ್ನುತ್ತಾರಲ್ಲ, ಗೋಡೆ ಕಟ್ಟುವ ಖರ್ಚು ಆನೆಯ ಕ್ರಯವಾದರೆ ಮೇವಿನ ಖರ್ಚು ಮಾರನೆಯ ದಿನದಿಂದ ಶುರು.

ಆ ಗೋಡೆ ಏನು ಮಾಡುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮಲ್ಲಿ ತೋಟಕ್ಕೆ ಬೇಲಿ ಹಾಕುವುದು ದನ, ಹಂದಿ, ಕಳ್ಳರ ಭಯಕ್ಕೆ. ಅಲ್ಲಿಯೂ ಆ ಭಯ ಇತ್ತು, ಆದರೆ ಅದಕ್ಕಾಗಿ ಹತ್ತು-ಹನ್ನೆರಡು ಅಡಿ ಎತ್ತರದ ಇಟ್ಟಿಗೆ ಗೋಡೆ ಬೇಕಿರಲಿಲ್ಲ. ದಕ್ಷಿಣ ಇಂಗ್ಲೆಂಡೇ 51ನೆಯ ಅಕ್ಷಾಂಶದಲ್ಲಿದೆ. ಬೆಂಗಳೂರು ಇರುವುದು 13ರಲ್ಲಿ ಎಂದರೆ ಅಂತರ ತಿಳಿದೀತು. ಪೀಚ್, ನೆಕ್ಟರೀನ್, ಏಪ್ರಿಕಾಟ್, ಅಂಜೂರ ಅಲ್ಲಿಯ ಬಯಲಿನಲ್ಲಿ ಹೂ ಬಿಟ್ಟರೂ ಹಣ್ಣಾಗುವ ಭರವಸೆಯಿಲ್ಲ. ದಕ್ಷಿಣಕ್ಕೆ ಮುಖಮಾಡಿದ ಇಟ್ಟಿಗೆ ಗೋಡೆ ಹಗಲು ಬಿಸಿಲು ಕುಡಿದು ರಾತ್ರಿ ಆ ಕಾವನ್ನು ನಿಧಾನವಾಗಿ ಬಿಡುತ್ತದೆ, ಗಾಳಿಯನ್ನೂ ತಡೆಯುತ್ತದೆ. ಆದ್ದರಿಂದಲೇ ಗೋಡೆಯ ಹೊರಮೈ ಸ್ಥಳೀಯ ಕಲ್ಲಿನದಾದರೂ ಒಳಮೈಗೆ ಇಟ್ಟಿಗೆ ಕಟ್ಟುತ್ತಿದ್ದರು. ಮರವನ್ನು ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡಿ, ಒಂದೊಂದು ರೆಂಬೆಯನ್ನೂ ಬಟ್ಟೆಯ ಪಟ್ಟಿ ಸುತ್ತಿ ಮೊಳೆ ಹೊಡೆದು ಗೋಡೆಗೆ ಅಂಟಿಸಿದಂತೆ ಬೆಳೆಸುತ್ತಿದ್ದರು. ಪ್ರತಿ ಚಳಿಗಾಲ ಆ ಮೊಳೆಗಳನ್ನೆಲ್ಲ ಕಿತ್ತು, ಕೊಂಬೆ ಸವರಿ, ಮತ್ತೆ ಹೊಡೆಯಬೇಕು. ಇಡೀ ಚಳಿಗಾಲ ಹೆಪ್ಪುಗಟ್ಟಿದ ಬೆರಳಿನಲ್ಲಿ ಏಣಿಯ ಮೇಲೆ ನಿಂತು ಮಾಡುವ ಕೆಲಸ ಇದು. ನಾಲ್ಕು ದಿಕ್ಕಿನ ಗೋಡೆಗೂ ಬೇರೆ ಬೇರೆ ಮರ. ದಕ್ಷಿಣಕ್ಕೆ ಮುಖವಿರುವ ಗೋಡೆ ಪೀಚಿನದು, ಪಶ್ಚಿಮದ್ದು ಪ್ಲಮ್ ಮತ್ತು ಪೇರ್‌ದು, ಬಿಸಿಲು ಕಾಣದ ಉತ್ತರದ ಮುಖಕ್ಕೆ ಹುಳಿ ಚೆರಿ.

ಬಿಸಿಲೂ ಸಾಲದಾದಾಗ ಬೆಂಕಿ ಬಂತು. ಹದಿನೆಂಟನೆಯ ಶತಮಾನದಲ್ಲಿ ಗೋಡೆಯನ್ನೇ ಪೊಳ್ಳಾಗಿ ಕಟ್ಟಿ, ಒಳಗೆ ಹಾವಿನಂತೆ ಹೊರಳುವ ಹೊಗೆದಾರಿ ಮಾಡಿ, ಹಿಂಬದಿಯಲ್ಲಿ ಒಲೆ ಹೂಡುವುದು ರೂಢಿಗೆ ಬಂತು. ವಸಂತದಲ್ಲಿ ಹೂ ಬಿಟ್ಟಾಗ ರಾತ್ರಿ ಹಿಮ ಬೀಳುವ ಸೂಚನೆ ಕಂಡರೆ ಒಲೆ ಹಚ್ಚಬೇಕು, ಬೆಳಗಿನ ತನಕ ಆರದಂತೆ ನೋಡಿಕೊಳ್ಳಬೇಕು. ವುಸ್ಟರ್‌ಶೈರಿನ ಕ್ರೂಮ್ ಕೋರ್ಟ್‌ನಲ್ಲಿ ಗೋಡೆಯೊಳಗಿನ ತೋಟ ಏಳು ಎಕರೆಗೂ ಹೆಚ್ಚು. ಅದರ ನಡುವೆ 1806ರ ಸುಮಾರಿಗೆ 13 ಅಡಿ ಎತ್ತರದ ಬಿಸಿಗೋಡೆಯೊಂದನ್ನು ಪ್ರತ್ಯೇಕವಾಗಿ ಎಬ್ಬಿಸಿದರು, ಅದಕ್ಕೆ ಐದು ಒಲೆ. ಇದೇ ಕ್ರೂಮ್‌ನ ಹೊರತೋಟದಲ್ಲಿ ರಾಬರ್ಟ್ ಆಡಮ್ 1760ರಲ್ಲಿ ರೂಪಿಸಿದ ಗುಡಿಯಾಕಾರದ ಗಾಜುಮನೆ ಇದೆ, ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವುದು ಅದರ ಮುಂದೆ. ಐದು ಒಲೆಗಳ ಆ ಗೋಡೆಗೆ ಸುಡಬೇಕಾದ ಕಲ್ಲಿದ್ದಲನ್ನು, ಅದನ್ನು ಹೊತ್ತು ಸುರಿಯುವ ಹುಡುಗರನ್ನು ಲೆಕ್ಕಕ್ಕೆ ಹಿಡಿದರೆ ಯಾವುದು ಫಾಲಿ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಇದರ ಮೇಲೆ ಸರ್ಕಾರದ ಕಣ್ಣೂ ಬಿತ್ತು. ಗಾಜಿಗೆ 1740ರ ದಶಕದಿಂದ 1845ರವರೆಗೆ, ಇಟ್ಟಿಗೆಗೆ 1784ರಿಂದ 1850ರವರೆಗೆ ತೆರಿಗೆ ಇತ್ತು. ತೆರಿಗೆ ಇದ್ದಾಗಲೂ ಗೋಡೆಗಳು ಎದ್ದವು, ಗಾಜಿನ ಮಾಡುಗಳು ಏರಿದವು.

ಗೋಡೆಯ ತೋಟದ ಹುಚ್ಚು ಪರಾಕಾಷ್ಠೆಗೆ ಹೋದದ್ದು ಅನಾನಸಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕನಾಗಿದ್ದ, ಡಚ್ ಮೂಲದ ಮ್ಯಾಥ್ಯೂ ಡೆಕ್ಕರ್‌ನ ರಿಚ್‌ಮಂಡ್ ತೋಟದಲ್ಲಿ ಹೆನ್ರಿ ಟೆಲೆಂಡ್ ಎಂಬ ತೋಟಗಾರ 1710ರ ದಶಕದಲ್ಲಿ ಅನಾನಸನ್ನು ಹಣ್ಣು ಮಾಡಿ ತೋರಿಸಿದ. ಅವನ ಗುಟ್ಟು ಚರ್ಮ ಹದಮಾಡುವವರಿಂದ ತಂದ ಓಕ್ ತೊಗಟೆಯ ಪುಡಿ. ಗುಂಡಿಯಲ್ಲಿ ತುಂಬಿದರೆ ಅದು ಕೊಳೆಯುತ್ತಾ ತಿಂಗಳುಗಟ್ಟಲೆ ಹದವಾದ ಬಿಸಿ ಕೊಡುತ್ತದೆ. ಕುಂಡಗಳನ್ನು ಅದರೊಳಗೆ ಹೂತು, ಮೇಲೆ ಗಾಜು ಮುಚ್ಚಿ, ಪಕ್ಕದಲ್ಲಿ ಬೆಂಕಿ ಇಟ್ಟು ಕಾದರೆ ಎರಡು-ಮೂರು ವರ್ಷಕ್ಕೆ ಒಂದು ಗಿಡದಲ್ಲಿ ಒಂದು ಹಣ್ಣು. 1720ರಲ್ಲಿ ಡೆಕ್ಕರ್ ಆ ಹಣ್ಣಿನ ಭಾವಚಿತ್ರವನ್ನೇ ಬರೆಸಿದ. ಮನುಷ್ಯರದಲ್ಲ, ಅನಾನಸಿನದು. ಅದು ಈಗಲೂ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿದೆ. ಮಲೆನಾಡಿನಲ್ಲಿ ಬೇಲಿಯ ಸಾಲಿಗೆ ನೆಟ್ಟು ಮರೆತುಬಿಡುವ ಹಣ್ಣಿಗೆ ಇಷ್ಟು ಉಪಚಾರವೇ ಎಂದು ಕನ್ನಡದ ಓದುಗರಿಗೆ ಅನಿಸಿದರೆ ಅದು ಸರಿಯಾದ ಪ್ರತಿಕ್ರಿಯೆಯೇ. ಆ ಉಪಚಾರದ ಖರ್ಚೇ ಅಲ್ಲಿ ಹಣ್ಣಿನ ರುಚಿ. ಗಡಿಯಾಚೆ ಸ್ಕಾಟ್ಲೆಂಡಿನ ಡನ್‌ಮೋರ್‌ನಲ್ಲಿ 1761ರಲ್ಲಿ ಆರಂಭವಾದ ತೋಟದ ಮಂಟಪವೊಂದಿದೆ. ಅದರ ತಲೆಯ ಮೇಲೆ ಕಲ್ಲಿನಲ್ಲಿ ಕಡೆದ ದೈತ್ಯ ಅನಾನಸು, ಎರಡೂ ಪಕ್ಕಕ್ಕೆ ಬಿಸಿಗೋಡೆ. ಶೋಕಿಯ ಕಟ್ಟಡ ಮತ್ತು ಹಣ್ಣಿನ ಗೋಡೆ ಒಂದೇ ಮನಸ್ಸಿನ ಎರಡು ಕೆಲಸ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ.

ಕೂಲಿಯ ಲೆಕ್ಕ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಬಿಸಿಲಿನ ಗೋಡೆಗೆ ಆನಿಸಿ ಗಾಜಿನ ಮನೆಗಳಿದ್ದರೆ, ಅದೇ ಗೋಡೆಯ ಬೆನ್ನಿಗೆ, ಉತ್ತರದ ನೆರಳಿನಲ್ಲಿ, ಒಲೆಮನೆ, ಕುಂಡ ತುಂಬುವ ಕೊಟ್ಟಿಗೆ, ಅಣಬೆ ಬೆಳೆಯುವ ಕತ್ತಲೆಕೋಣೆ ಇರುತ್ತಿದ್ದವು. ಮದುವೆಯಾಗದ ಕಿರಿಯ ಮಾಲಿಗಳು ಮಲಗುವ 'ಬಾಥಿ' ಎಂಬ ಕೋಣೆಗಳೂ ಅಲ್ಲಿಯೇ. ಅವರನ್ನು ಅಷ್ಟು ಹತ್ತಿರ ಇಟ್ಟದ್ದು ದಯೆಯಿಂದಲ್ಲ, ನಡುರಾತ್ರಿ ಎದ್ದು ಬಾಯ್ಲರಿಗೆ ಇದ್ದಲು ಹಾಕಲು. ಕಾರ್ನ್‌ವಾಲ್‌ನ ಹೆಲಿಗನ್ ಎಂಬ ನಡುತರದ ಎಸ್ಟೇಟಿನಲ್ಲೇ ಮೊದಲ ಮಹಾಯುದ್ಧಕ್ಕೆ ಮುಂಚೆ 22 ಮಂದಿ ತೋಟಗಾರರಿದ್ದರು. ಸ್ಟೋವ್‌ನ ಅಷ್ಟೂ ಗುಡಿಗಳನ್ನು ಗುಡಿಸಿ ಸಾರಿಸಲು ಅಷ್ಟು ಜನ ಬೇಕಿರಲಿಲ್ಲ.

ಈ ವ್ಯವಹಾರ ಗಿಟ್ಟುವುದಿಲ್ಲ ಎಂದು ನಾವು ಈಗ ಕೂತು ಕಂಡುಹಿಡಿಯಬೇಕಿಲ್ಲ, ಆ ಕಾಲದವರಿಗೇ ಗೊತ್ತಿತ್ತು. ಆಡಂ ಸ್ಮಿತ್ 1776ರ ತನ್ನ ಹೆಸರಾಂತ ಗ್ರಂಥದಲ್ಲಿ ಗೇಣಿಯ ವಿಚಾರ ಬರೆಯುವಾಗ ತೋಟದ ಗೋಡೆಯ ಮಾತೆತ್ತುತ್ತಾನೆ. ಬ್ರಿಟನ್ನಿನಲ್ಲಿ ಉತ್ತಮ ಹಣ್ಣು ಗೋಡೆಯಿಲ್ಲದೆ ಮಾಗುವುದಿಲ್ಲವಾದ್ದರಿಂದ ಗೋಡೆಯ ಖರ್ಚನ್ನು ಹಣ್ಣಿನ ಬೆಲೆಯೇ ಹೊರಬೇಕು, ತರಕಾರಿಗೆ ಆ ಗೋಡೆ ಪುಕ್ಕಟೆ ಸಿಕ್ಕ ಲಾಭ, ಅದು ತನ್ನ ಸ್ವಂತ ಉತ್ಪತ್ತಿಯಿಂದ ಅಂಥ ಗೋಡೆಯನ್ನು ಕಟ್ಟಿಸಿಕೊಳ್ಳುವುದು ಅಪರೂಪ ಎಂಬುದು ಅವನ ವಾದದ ತಿರುಳು. ವಿದೇಶಿ ವ್ಯಾಪಾರದ ಅಧ್ಯಾಯದಲ್ಲಿ ಇನ್ನೂ ಚುರುಕಾದ ಉದಾಹರಣೆ ಇದೆ. ಗಾಜು, ಬಿಸಿಪಾತಿ, ಬಿಸಿಗೋಡೆಗಳಿಂದ ಸ್ಕಾಟ್ಲೆಂಡಿನಲ್ಲೂ ಒಳ್ಳೆಯ ದ್ರಾಕ್ಷಿ ಬೆಳೆಯಬಹುದು, ಒಳ್ಳೆಯ ವೈನೂ ಮಾಡಬಹುದು, ಆದರೆ ಹೊರದೇಶದಿಂದ ತರಿಸುವುದಕ್ಕಿಂತ ಸುಮಾರು ಮೂವತ್ತು ಪಟ್ಟು ಖರ್ಚು ಬಿದ್ದೀತು. ಅಸಂಗತ ಎಂದು ಓದುಗರಿಗೆ ತಟ್ಟನೆ ಹೊಳೆಯಬೇಕಾದ ಉದಾಹರಣೆಯನ್ನು ಹುಡುಕುವಾಗ ಸ್ಮಿತ್‌ಗೆ ಸಿಕ್ಕಿದ್ದು ಬಿಸಿಗೋಡೆ. ಅವನ ಓದುಗರಲ್ಲಿ ಅನೇಕರ ಮನೆಯಲ್ಲಿ ಅಂಥ ಗೋಡೆ ಇದ್ದಿರಬೇಕು ಎಂಬುದು ಈ ಉದಾಹರಣೆಯ ಸೊಗಸು.

ಇದಕ್ಕೆ ಎದುರಾಗಿ ಹೇಳಬಹುದಾದ ಗಟ್ಟಿ ಮಾತೊಂದಿದೆ. ಅಂಥ ಮನೆಯಲ್ಲಿ ಧಣಿಯ ಸಂಸಾರ, ಅತಿಥಿಗಳು, ಆಳುಕಾಳುಗಳು ಸೇರಿ ನೂರು ಬಾಯಿ ಇದ್ದಾವು. ರಸ್ತೆ ಕೆಟ್ಟದ್ದು, ಪೇಟೆ ದೂರ. ಬೆಳೆದುಕೊಳ್ಳದೆ ಇನ್ನೇನು ಮಾಡುವುದು? ಆಲೂಗಡ್ಡೆ, ಕೋಸು, ಈರುಳ್ಳಿಯ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಕೋಸಿಗೆ ಬಿಸಿಗೋಡೆ ಬೇಕಿಲ್ಲ, ಹಳ್ಳಿಯ ರೈತ ಬರಿಯ ಬೇಲಿಯ ಹಿಂದೆ ಅದನ್ನು ಬೆಳೆಯುತ್ತಿದ್ದ. ಆಳುಗಳ ಊಟದೆಲೆಗೆ ಏಪ್ರಿಲ್ ತಿಂಗಳ ದ್ರಾಕ್ಷಿ ಹೋಗುತ್ತಿರಲಿಲ್ಲ. ಈ ವಾದದ ಕಾಲು ಪೂರ್ತಿ ಮುರಿಯುವುದು ರೈಲು ಬಂದ ಮೇಲೆ. ಧಣಿಗಳು ಔತಣಕೂಟಗಳ ಹಂಗಾಮಿನಲ್ಲಿ ಲಂಡನ್ನಿನ ಮನೆಯಲ್ಲಿದ್ದಾಗ ಊರಿನ ತೋಟದಿಂದ ಹಣ್ಣು, ತರಕಾರಿ, ಹೂವನ್ನು ಬುಟ್ಟಿಗಳಲ್ಲಿ ಪಾಯಸದ ಪಾತ್ರೆಯಷ್ಟು ಜೋಪಾನವಾಗಿ ಕಟ್ಟಿ ರೈಲಿಗೆ ಹಾಕುತ್ತಿದ್ದರು. ಆ ಲಂಡನ್ ಮನೆಯಿಂದ ಸ್ವಲ್ಪ ದೂರಕ್ಕೆ ಕೋವೆಂಟ್ ಗಾರ್ಡನ್ ಮಾರುಕಟ್ಟೆ ಇತ್ತು, ಬೇಕಾದದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಪೇಟೆ ದೂರ ಎಂಬ ಕಾರಣಕ್ಕೆ ತೋಟ ಇಟ್ಟುಕೊಂಡವರು ಪೇಟೆಯ ನಡುವೆ ಕೂತು ತೋಟದಿಂದ ತರಿಸಿಕೊಳ್ಳುತ್ತಿದ್ದರು. ಕೊಂಡ ಹಣ್ಣನ್ನು ಅತಿಥಿಯ ಮುಂದಿಟ್ಟರೆ ಮರ್ಯಾದೆ ಕಡಿಮೆಯಾಗುವ ಲೋಕ ಅದು, ಅಲ್ಲಿ ಉಳಿತಾಯದ ಮಾತಿಗೆ ಜಾಗವಿರಲಿಲ್ಲ.

ಹಾಗಾದರೆ ಇದು ಪ್ರದರ್ಶನವೇ ಆಗಿದ್ದರೆ ಮರಗಳ ಹಿಂದೆ ಏಕೆ ಬಚ್ಚಿಟ್ಟರು ಎಂದು ಕೇಳಬಹುದು. ಕೇಪಬಿಲಿಟಿ ಬ್ರೌನ್, ಸ್ಟೋವ್‌ನಲ್ಲಿ 1741ರಿಂದ ಹತ್ತು ವರ್ಷ ಮುಖ್ಯ ತೋಟಗಾರನಾಗಿದ್ದು ಆಮೇಲೆ ದೇಶದ ಅರ್ಧ ಜಮೀನ್ದಾರರ ಹೊಲಗಳನ್ನು ಹುಲ್ಲು-ಕೆರೆಯಾಗಿ ಮಾರ್ಪಡಿಸಿದವನು. ಅವನ ಕಾಲದಿಂದ ಅಡುಗೆತೋಟ ಮನೆಯ ಕಿಟಕಿಗೆ ಕಾಣಬಾರದೆಂಬ ಪದ್ಧತಿ ಬಲವಾಯಿತು. ಗೊಬ್ಬರದ ಗಾಡಿ, ಬಾಯ್ಲರಿನ ಹೊಗೆ, ಬಗ್ಗಿ ದುಡಿಯುವ ಬೆನ್ನು ಇವು ದೃಶ್ಯವನ್ನು ಕೆಡಿಸುತ್ತವೆ. ಆದರೆ ಮರೆಮಾಡಿದ್ದು ದುಡಿಮೆಯನ್ನು. ಫಲವನ್ನಂತೂ ಊಟದ ಕೊನೆಗೆ, ಬೆಳ್ಳಿತಟ್ಟೆಯಲ್ಲಿ, ಮೇಜಿನ ನಡುವೆ ಎಲ್ಲರ ಕಣ್ಣಿಗೂ ಬೀಳುವಂತೆ ಇಡುತ್ತಿದ್ದರು. ಹೊರಗೆ ಹಿಮ ಸುರಿಯುತ್ತಿರುವಾಗ ಮೇಜಿನ ಮೇಲೆ ಸ್ಟ್ರಾಬೆರಿ ಇದ್ದರೆ ಅದು ಹೇಗೆ ಬಂತೆಂದು ಅತಿಥಿಯೇ ಊಹಿಸಿಕೊಳ್ಳಬೇಕು, ಮನೆಯೊಡೆಯ ಹೇಳಬಾರದು. ಕೆರೆದಡದ ಗುಡಿಯನ್ನು ದಾರಿಹೋಕನೂ ನೋಡಬಹುದು. 1744ರಷ್ಟು ಹಿಂದೆಯೇ ಸ್ಟೋವ್‌ಗೆ ಅಚ್ಚಾದ ಮಾರ್ಗದರ್ಶಿ ಪುಸ್ತಕ ಮಾರಾಟಕ್ಕಿತ್ತು. ಪೀಚ್ ತಿನ್ನಲು ಆಮಂತ್ರಣ ಬೇಕಿತ್ತು. ಎರಡು ಪ್ರದರ್ಶನಗಳಲ್ಲಿ ಯಾವುದು ಹೆಚ್ಚು ಬಿಗುಮಾನದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇನ್ನೊಂದು ಆಕ್ಷೇಪಕ್ಕೆ ನಾನು ಹೆಚ್ಚು ತಲೆಬಾಗುತ್ತೇನೆ. ದುಂದೇ ಇರಲಿ, ಅದರಿಂದ ವಿದ್ಯೆ ಬೆಳೆಯಿತಲ್ಲ? ಡರ್ಬಿಶೈರಿನ ಚಾಟ್ಸ್‌ವರ್ತ್ ಇದಕ್ಕೆ ನಿದರ್ಶನ. ಡೆವನ್‌ಶೈರ್ ಡ್ಯೂಕ್ 1826ರಲ್ಲಿ 22 ವರ್ಷದ ಜೋಸೆಫ್ ಪ್ಯಾಕ್ಸ್‌ಟನ್ನನನ್ನು ವರ್ಷಕ್ಕೆ 70 ಪೌಂಡ್ ಸಂಬಳ, ಇರಲೊಂದು ಮನೆ ಕೊಟ್ಟು ಮುಖ್ಯ ತೋಟಗಾರನನ್ನಾಗಿ ಮಾಡಿದ. ರೈತನ ಮಗನಾದ ಈತ 1836ರಿಂದ 1840ರವರೆಗೆ ಎಬ್ಬಿಸಿದ ಮಹಾ ಗಾಜುಮನೆ 277 ಅಡಿ ಉದ್ದ, 123 ಅಡಿ ಅಗಲ, 67 ಅಡಿ ಎತ್ತರ. ಎಂಟು ಬಾಯ್ಲರು, ಏಳು ಮೈಲಿ ಬಿಸಿನೀರಿನ ಕೊಳವೆ. ಕಲ್ಲಿದ್ದಲಿನ ಗಾಡಿ ನೋಡುವವರ ಕಣ್ಣಿಗೆ ಬೀಳದಿರಲೆಂದು ನೆಲದಡಿಯಲ್ಲಿ ಸುರಂಗದ ಹಳಿ. ಖರ್ಚು ಸುಮಾರು 33 ಸಾವಿರ ಪೌಂಡ್, ಅಂದರೆ ಪ್ಯಾಕ್ಸ್‌ಟನ್‌ನ ಮೊದಲ ಸಂಬಳದ ಲೆಕ್ಕದಲ್ಲಿ 470 ವರ್ಷಗಳ ದುಡಿಮೆ. ಚಾಟ್ಸ್‌ವರ್ತ್‌ನಲ್ಲಿಯೇ ಆತ ಮಾರಿಷಸ್ ಕಡೆಯಿಂದ ಬಂದ ಗಿಡ್ಡಬಾಳೆಯೊಂದನ್ನು 1835ರಲ್ಲಿ ಹೂ ಬಿಡಿಸಿ, ಯಜಮಾನನ ವಂಶದ ಹೆಸರಿನಿಂದ ಅದಕ್ಕೆ ಕ್ಯಾವೆಂಡಿಷ್ ಎಂದು ನಾಮಕರಣ ಮಾಡಿದ. ಇಲ್ಲಿ ನಮ್ಮ ಅಂಗಡಿಗಳಲ್ಲಿ ಪಚ್ಚಬಾಳೆ ಎಂದು ಮಾರುವ ಹಣ್ಣು ಆ ಗುಂಪಿನದೇ. ಏಷ್ಯಾದ ಹಿತ್ತಿಲುಗಳಲ್ಲಿ ಮೊದಲಿನಿಂದ ಇದ್ದ ಬಾಳೆಯ ಕುಲಕ್ಕೆ ಜಗತ್ತಿನ ವ್ಯಾಪಾರದಲ್ಲಿ ಡರ್ಬಿಶೈರಿನ ಡ್ಯೂಕ್‌ನ ಹೆಸರು ಅಂಟಿಕೊಂಡಿತು. ಗಾಜು-ಕಬ್ಬಿಣದಲ್ಲಿ ಕೈ ಪಳಗಿದ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಕಟ್ಟಿದ. ಅದರ ಮಾದರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ. ಆಗ ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದವನು ಲಂಡನ್ನಿನ ಕ್ಯೂ ಸಸ್ಯತೋಟದಿಂದ ಬಂದಿದ್ದ ಜಾನ್ ಕ್ಯಾಮರಾನ್.

ಹೀಗೆ ಗೋಡೆಯ ತೋಟದ ಸಂತಾನ ನಮ್ಮೂರಿನ ತನಕ ಬಂದಿದೆ ಎಂಬುದನ್ನು ಅಲ್ಲಗಳೆಯಲಾರೆ. ಆದರೂ ವಾದ ಕದಲುವುದಿಲ್ಲ. ದುಂದುವೆಚ್ಚಕ್ಕೆ ಒಳ್ಳೆಯ ಮಕ್ಕಳು ಹುಟ್ಟಿದರೆ ಅದು ಮಿತವ್ಯಯವಾಗುವುದಿಲ್ಲ. ಲಾಲ್‌ಬಾಗಿನ ಗಾಜಿನ ಮನೆಯನ್ನೇ ಹತ್ತಿರದಿಂದ ನೋಡಿ. ಅದಕ್ಕೆ ಬಾಯ್ಲರಿಲ್ಲ, ಬಿಸಿನೀರಿನ ಕೊಳವೆಯಿಲ್ಲ, ರಾತ್ರಿ ಎದ್ದು ಇದ್ದಲು ಹಾಕುವ ಹುಡುಗರಿಲ್ಲ. ಚಳಿದೇಶದಲ್ಲಿ ಹಣ್ಣನ್ನು ಬದುಕಿಸಲು ಹುಟ್ಟಿದ ಯಂತ್ರ ಬೆಂಗಳೂರಿಗೆ ಬಂದಾಗ ಫಲಪುಷ್ಪ ಪ್ರದರ್ಶನದ ಮಂಟಪವಾಯಿತು. ಅಂದರೆ ಅದು ಗೋಡೆಯ ಪಾಳಯ ಬಿಟ್ಟು ಗುಡಿಯ ಪಾಳಯ ಸೇರಿತು. ಆದ್ದರಿಂದಲೇ ಅದು ಇನ್ನೂ ಇದೆ. ಅದರ ಅಜ್ಜನಂತಿದ್ದ ಚಾಟ್ಸ್‌ವರ್ತ್‌ನ ಮಹಾ ಗಾಜುಮನೆ ಇಲ್ಲ. ಮೊದಲ ಮಹಾಯುದ್ಧದಲ್ಲಿ ಅದಕ್ಕೆ ಕಲ್ಲಿದ್ದಲು ಸಿಗಲಿಲ್ಲ, ಒಳಗಿನ ಗಿಡಗಳು ಚಳಿಗೆ ಸತ್ತವು, 1920ರಲ್ಲಿ ಸಿಡಿಮದ್ದು ಇಟ್ಟು ಅದನ್ನು ಒಡೆದು ಹಾಕಿದರು.

ಗೋಡೆಯ ತೋಟಗಳ ಅವಸಾನದ ಕಥೆಗೆ ಯುದ್ಧವನ್ನೇ ಪೂರ್ತಿ ಹೊಣೆ ಮಾಡುವುದು ವಾಡಿಕೆ. ಹೆಲಿಗನ್‌ನ ಮಾಲಿಗಳು 1914ರ ಆಗಸ್ಟಿನಲ್ಲಿ ತಮ್ಮ ಶೌಚದ ಕೋಣೆಯ ಗಾರೆಗೋಡೆಯ ಮೇಲೆ ಪೆನ್ಸಿಲಿನಿಂದ ಹೆಸರು ಬರೆದು ಹೋದರು, ಹಲವರು ಮರಳಲಿಲ್ಲ. ಆ ಹೆಸರುಗಳ ಮುಂದೆ ಆರ್ಥಿಕತೆಯ ಮಾತಾಡುವುದು ಕಟುಕತನ ಎನಿಸಬಹುದು. ಆದರೆ ಕುಸಿತ ಯುದ್ಧಕ್ಕೆ ಮೊದಲೇ ಶುರುವಾಗಿತ್ತು. 1840ರ ದಶಕದಿಂದ ಹಡಗುಗಳು ವೆಸ್ಟ್ ಇಂಡೀಸಿನ ಅನಾನಸನ್ನು ತಂದು ಸುರಿಯತೊಡಗಿದವು, 1880ರ ದಶಕದ ಕೊನೆಗೆ ಕ್ಯಾನರಿ ದ್ವೀಪಗಳ ಬಾಳೆ ಬಂತು. ಬೀದಿಯ ಗಾಡಿಯಲ್ಲಿ ಸಿಗುವ ಹಣ್ಣಿಗಾಗಿ ಮೂರು ವರ್ಷ ಒಲೆ ಉರಿಸಿದರೆ ಅತಿಥಿ ಬೆರಗಾಗುವುದಿಲ್ಲ. 1894ರಲ್ಲಿ ವಾರಸುದಾರಿಕೆಯ ತೆರಿಗೆ ಬಿಗಿಯಾಯಿತು. ಯುದ್ಧ ಮುಗಿದಾಗ ಕಾರ್ಖಾನೆಯ ಕೂಲಿ ಕಂಡ ಹುಡುಗರನ್ನು ಬಾಥಿಯಲ್ಲಿ ಮಲಗಿಸಿ ನಡುರಾತ್ರಿ ಎಬ್ಬಿಸುವುದು ಆಗದ ಮಾತಾಗಿತ್ತು. ಮನೆಯೊಡೆಯ ಖರ್ಚು ಕಡಿಮೆ ಮಾಡಲು ಹೊರಟಾಗ ಮೊದಲು ಕತ್ತರಿ ಬಿದ್ದದ್ದು ಈ 'ಉಪಯುಕ್ತ' ತೋಟಕ್ಕೇ. ನಿಜಕ್ಕೂ ಉಳಿತಾಯ ಮಾಡಿಕೊಡುವ ತೋಟವಾಗಿದ್ದರೆ ಕಷ್ಟಕಾಲದಲ್ಲಿ ಅದನ್ನೇ ಬಿಗಿಹಿಡಿಯಬೇಕಿತ್ತು. ಗಾಜು ಒಡೆದು, ಪೀಚಿನ ಕೊಂಬೆಗಳು ಮೊಳೆ ಕಿತ್ತುಕೊಂಡು ಮುಂದಕ್ಕೆ ಬಾಗಿ, ಒಳಗೆ ಮುಳ್ಳುಪೊದೆ ಬೆಳೆಯಿತು. ಕೆಲವು ಕಡೆ ಕ್ರಿಸ್‌ಮಸ್ ಮರಗಳ ನರ್ಸರಿ, ಕೆಲವು ಕಡೆ ಟೆನಿಸ್ ಅಂಗಳ, ಕಾರು ನಿಲ್ದಾಣ.

1980ರ ದಶಕದಿಂದ ಈಚೆಗೆ ಈ ತೋಟಗಳ ಮೇಲೆ ಮತ್ತೆ ಪ್ರೀತಿ ಹುಟ್ಟಿದೆ. ಹಳೆಯ ಪದ್ಧತಿಯ ತೋಟಗಾರ ಹ್ಯಾರಿ ಡಾಡ್ಸನ್ ವಿಲ್ಟ್‌ಶೈರಿನ ಗೋಡೆತೋಟವೊಂದನ್ನು ಮತ್ತೆ ಬೆಳೆಸಿ ತೋರಿಸಿದ ಬಿಬಿಸಿಯ ವಿಕ್ಟೋರಿಯನ್ ಅಡುಗೆತೋಟದ ಸರಣಿ 1987ರಲ್ಲಿ ಬಂತು. 1990ರಿಂದ ಹೆಲಿಗನ್‌ನ ಪೊದೆ ಕಡಿದು, ಕುದುರೆ ಲದ್ದಿಯ ಬಿಸಿಯಲ್ಲಿ ಅನಾನಸು ಬೆಳೆಯುವ ಗುಂಡಿಯನ್ನು ಮತ್ತೆ ಹೂಡಿದ್ದಾರೆ. ನಾಟಿಂಗ್‌ಹ್ಯಾಮ್‌ಶೈರಿನ ಕ್ಲಂಬರ್‌ನಲ್ಲಿ ಡ್ಯೂಕ್‌ನ ಮಹಾಮನೆಯನ್ನೇ 1938ರಲ್ಲಿ ಕೆಡವಿ ಹಾಕಿದರೂ ನಾಲ್ಕು ಎಕರೆಯ ಗೋಡೆತೋಟ ಉಳಿಯಿತು, ಅದರ 450 ಅಡಿ ಉದ್ದದ ಗಾಜುಮನೆಯನ್ನು ನ್ಯಾಷನಲ್ ಟ್ರಸ್ಟ್ ಈಗ ನಡೆಸುತ್ತಿದೆ. ಆದರೆ ಈ ಪುನರುಜ್ಜೀವನದ ಲೆಕ್ಕಪುಸ್ತಕವನ್ನೂ ತೆರೆಯಬೇಕಲ್ಲ. ಇಂಥ ತೋಟಗಳಲ್ಲಿ ಕಳೆ ಕೀಳುವವರು, ಕೊಂಬೆ ಕಟ್ಟುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು, ಹೆಚ್ಚಿನವರು ನಿವೃತ್ತರು. ಪ್ರವೇಶದ ಟಿಕೆಟ್, ಚಹಾದಂಗಡಿ, ದೇಣಿಗೆ ಎಲ್ಲ ಸೇರಿದರೂ ಹಿಂದಿನಷ್ಟು ಕೈಗಳಿಗೆ ಇಂದಿನ ಕೂಲಿ ಕೊಟ್ಟು ನಡೆಸುವುದು ಕನಸಿನ ಮಾತು. ಅತ್ತ ಸ್ಟೋವ್‌ನ ಗಾಥಿಕ್ ಗುಡಿಯನ್ನೂ ಡನ್‌ಮೋರ್‌ನ ಕಲ್ಲಿನ ಅನಾನಸನ್ನೂ ಹಳೆಯ ಕಟ್ಟಡಗಳನ್ನು ಕಾಪಾಡುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತದೆ. ಯಾವ ಕೆಲಸಕ್ಕೂ ಬಾರದೆಂದು ಜನ ನಕ್ಕ ಕಟ್ಟಡಗಳು ತಮ್ಮ ಚಾವಣಿಯ ದುರಸ್ತಿಗೆ ತಾವೇ ದುಡಿಯುತ್ತಿವೆ.